ಅಟ್ಟದ ಮೇಲಿನ ಎರಡು ಚೀಲ: ತೀರ್ಥಹಳ್ಳಿ ಕಡೆಯ ಒಂದು ಮನೆಯಿಂದ ಧ್ರುವದ ಸಮುದ್ರದವರೆಗೆ

ಈ ಪ್ರಕರಣ ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯದು. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಊರು, ಹೆಸರು ಬೇಡ ಅಂದಿದ್ದಾರೆ. ಹಳೆಯ ಹಂಚಿನ ಮನೆ, ಮುಂದೆ ಅಡಿಕೆ ಅಂಗಳ, ಕೆಳಗೆ ತೋಟ, ತೋಟದ ಅಂಚಿನಲ್ಲಿ ಹಳ್ಳ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಲು ಆಳುಗಳು ಅಟ್ಟ ಹತ್ತಿದ್ದರು. ಮುರಿದ ಕಣಜದ ಹಿಂದೆ ಎರಡು ಚೀಲ ಕಂಡವು. ಒಂದರ ಬಾಯಿಯ ಹೊಲಿಗೆ ಹಾಗೇ ಇತ್ತು. ಇನ್ನೊಂದರ ತಳವನ್ನು ಇಲಿ ಕಡಿದಿತ್ತು. ಅದರಿಂದ ಬೂದು ಬಣ್ಣದ ಪುಡಿ ಸುರಿದು, ಹಲಗೆಯ ಸಂದಿಯಿಂದ ಕೆಳಗಿನ ಉಗ್ರಾಣಕ್ಕೆ ಇಳಿದಿತ್ತು. ಉಗ್ರಾಣದಲ್ಲಿ ಅಕ್ಕಿ ಡಬ್ಬ, ಬೆಲ್ಲ, ಉಪ್ಪಿನಕಾಯಿ ಭರಣಿ.

ಮನೆಯ ಯಜಮಾನರು ನನಗೆ ಸಂಬಂಧದಲ್ಲಿ ದೊಡ್ಡಪ್ಪ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನಾದ್ದರಿಂದ ನನಗೆ ಫೋನ್ ಬಂತು. ಫೋನ್ ಮಾಡಿದ್ದು ದೊಡ್ಡಪ್ಪ ಅಲ್ಲ, ಅವರ ಸೊಸೆ, ಅಂದರೆ ನಮ್ಮ ಅತ್ತಿಗೆ. "ಏನೋ ಪುಡಿ, ಹಳೇ ಮುಗ್ಗಲು ವಾಸನೆ. ಮಕ್ಕಳು ಅಲ್ಲೇ ಆಡ್ತಾವೆ. ಬಂದು ನೋಡ್ತೀಯಾ?" ಅಂದರು. ಅವರು ಆವತ್ತು ಆ ಫೋನ್ ಮಾಡದೇ ಇದ್ದಿದ್ದರೆ ಆ ಪುಡಿ ಸಂಜೆಯೊಳಗೆ ಹಳ್ಳ ಸೇರುತ್ತಿತ್ತು. ಆಳುಗಳು ಆಗಲೇ ಬುಟ್ಟಿ ತಂದಿಟ್ಟಿದ್ದರು.

ಚೀಲದ ಮೇಲಿನ ಅಚ್ಚು ಮಾಸಿತ್ತು. ಆದರೂ ಬಿಎಚ್‌ಸಿ ಎನ್ನುವ ಕೀಟನಾಶಕದ ಹೆಸರು, ಶೇ 10 ಎನ್ನುವುದು, 25 ಕಿಲೋ ಎನ್ನುವುದು ಓದಲು ಬರುತ್ತಿತ್ತು. ವಾಸನೆಯೂ ಅದೇ. ಒಮ್ಮೆ ಮೂಗಿಗೆ ಬಡಿದರೆ ಮರೆಯುವಂಥದ್ದಲ್ಲ. ಗೋಡೆಗೆ, ಗೋಣಿಗೆ, ಮರಕ್ಕೆ ಹತ್ತಿ ವರ್ಷಗಟ್ಟಲೆ ಬಿಡದ ಮಂಕು ವಾಸನೆ. ದೊಡ್ಡಪ್ಪನಿಗೆ ನೆನಪಿತ್ತು. "ಗಮ್ಯಾಕ್ಸಿನ್ ಮಾರಾಯ ಅದು. ಬೇರುಹುಳಕ್ಕೆ ಅಂತ ಅಪ್ಪಯ್ಯ ತರಿಸಿದ್ರು. ಅಡಿಕೆ ಬುಡಕ್ಕೆ ಹಾಕಿ ಉಳಿದಿದ್ದನ್ನ ಇರುವೆಗೆ, ಗೆದ್ದಲಿಗೆ ಎಲ್ಲಾ ಉದುರಿಸ್ತಿದ್ವಿ. ಬತ್ತಕ್ಕೆ ತಿಗಣೆ ಬಿದ್ರೂ ಇದೇ."

ಆ ಕಾಲದಲ್ಲಿ ಇದು ತಪ್ಪಲ್ಲ. ಎಲ್ಲರ ಮನೆಯಲ್ಲೂ ಇತ್ತು. ಅಂಗಡಿಯಲ್ಲಿ ಸಿಗುತ್ತಿತ್ತು, ಹಾಕಿ ಅಂತ ಹೇಳುವವರೂ ಇದ್ದರು. ನಮ್ಮ ದೇಶದಲ್ಲಿ ಬಿಎಚ್‌ಸಿ ನಿಷೇಧವಾದದ್ದು 1997ರಲ್ಲಿ. ಅಂಗಡಿಯಲ್ಲಿ ಮಾರುವುದು ನಿಂತಿತು. ಅಟ್ಟದ ಮೇಲೆ ಇದ್ದದ್ದನ್ನು ಯಾರೂ ಬಂದು ಕೇಳಲಿಲ್ಲ.

ಚೀಲದಲ್ಲಿ ನಿಜವಾಗಿ ಏನಿತ್ತು

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಇಡೀ ಪ್ರಕರಣದ ಗುಟ್ಟು ಇಲ್ಲೇ ಇದೆ.

ಬಿಎಚ್‌ಸಿಯನ್ನು ವಿಜ್ಞಾನಿಗಳು ಈಗ ಎಚ್‌ಸಿಎಚ್ ಅನ್ನುತ್ತಾರೆ. ಬೆಂಜೀನ್‌ಗೆ ಬೆಳಕಿನಲ್ಲಿ ಕ್ಲೋರಿನ್ ಸೇರಿಸಿದರೆ ಇದು ಸಿಗುತ್ತದೆ. ಮೈಕೆಲ್ ಫ್ಯಾರಡೆ 1825ರಲ್ಲೇ ಇದನ್ನು ಮಾಡಿದ್ದ. ಇದಕ್ಕೆ ಹುಳು ಸಾಯುತ್ತವೆ ಅನ್ನುವುದು ಗೊತ್ತಾಗಿ ಜಗತ್ತಿಗೆಲ್ಲ ಹರಡಿದ್ದು 1940ರ ದಶಕದಲ್ಲಿ. ಆದರೆ ಮಾಡುವಾಗ ಒಂದೇ ವಸ್ತು ಬರುವುದಿಲ್ಲ. ಅದೇ ಪರಮಾಣುಗಳು, ಜೋಡಣೆ ಮಾತ್ರ ಬೇರೆ ಬೇರೆ. ಅವಕ್ಕೆ ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಅಂತ ಹೆಸರು. ಆಲ್ಫಾ ಶೇ 60ರಿಂದ 70. ಬೀಟಾ ಶೇ 5ರಿಂದ 12. ಹುಳುವನ್ನು ಕೊಲ್ಲುವುದು ಗಾಮಾ ಒಂದೇ. ಅದು ಇರುವುದು ಶೇ 10ರಿಂದ 15 ಅಷ್ಟೇ.

ಈಗ ಅಟ್ಟದ ಮೇಲಿದ್ದ ಒಂದು ಚೀಲದ ಲೆಕ್ಕ ಹಾಕೋಣ. 25 ಕಿಲೋ ಪುಡಿಯಲ್ಲಿ ಶೇ 10 ಬಿಎಚ್‌ಸಿ. ಅಂದರೆ ಎರಡೂವರೆ ಕಿಲೋ. ಉಳಿದದ್ದೆಲ್ಲ ಕಲ್ಲಿನ ಹುಡಿ, ಉದುರಿಸಲು ಅನುಕೂಲವಾಗಲಿ ಅಂತ ಬೆರೆಸಿದ್ದು. ಆ ಎರಡೂವರೆ ಕಿಲೋದಲ್ಲಿ ಗಾಮಾ ಸುಮಾರು 300 ಗ್ರಾಂ. ಮಿಕ್ಕ ಎರಡು ಕಿಲೋಗೂ ಜಾಸ್ತಿ ಬಿಎಚ್‌ಸಿಯಿಂದ ಬೇರುಹುಳ ಸಾಯುವುದಿಲ್ಲ, ತಿಗಣೆ ಸಾಯುವುದಿಲ್ಲ, ಗೆದ್ದಲೂ ಸಾಯುವುದಿಲ್ಲ. ಅದನ್ನು ಬೇರ್ಪಡಿಸುವುದು ದುಬಾರಿ ಅಂತ ಹಾಗೇ ತುಂಬಿ ಮಾರಿದರು. ನಮ್ಮ ರೈತರು ದುಡ್ಡು ಕೊಟ್ಟು ತಂದ ವಿಷದಲ್ಲಿ ಹತ್ತರಲ್ಲಿ ಎಂಟೂವರೆ ಪಾಲು ಯಾವ ಕೆಲಸಕ್ಕೂ ಬಾರದ್ದು. ಕೆಲಸಕ್ಕೆ ಬಾರದ್ದು ಅಂದೆ, ಅಪಾಯವಿಲ್ಲದ್ದು ಅನ್ನಲಿಲ್ಲ. ಬೀಟಾ ಒಮ್ಮೆ ಮನುಷ್ಯನ ಕೊಬ್ಬಿಗೆ ಸೇರಿದರೆ ಅದರಲ್ಲಿ ಅರ್ಧ ಹೊರಗೆ ಹೋಗಲು ಏಳು ವರ್ಷದ ಆಸುಪಾಸು ಬೇಕು. ಗಾಮಾ ಅಂದರೆ ಲಿಂಡೇನ್. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ತೀರ್ಮಾನಿಸಿದೆ. ನಮ್ಮಲ್ಲಿ ಹಿಂದೆ ಕಜ್ಜಿಗೆ, ಹೇನಿಗೆ ಹಚ್ಚುತ್ತಿದ್ದ ಲೋಷನ್ನಿನಲ್ಲೂ ಇದೇ ಇತ್ತು.

ಈ ಲೆಕ್ಕ ಕೇಳಿ ದೊಡ್ಡಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಆ ಉಳಿದಿದ್ದೆಲ್ಲ ಎಲ್ಲಿಗೆ ಹೋಯ್ತು? ಇಷ್ಟು ವರ್ಷ ಹಾಕಿದ್ದೀವಲ್ಲ" ಅಂದರು. ಸರಿಯಾದ ಪ್ರಶ್ನೆ ಅದು.

ಎಲ್ಲಿಗೆ ಹೋಯಿತು

ದೇವರ ಮುಂದೆ ಇಟ್ಟ ಕರ್ಪೂರದ ಬಿಲ್ಲೆಯನ್ನು ಹಚ್ಚದೇ ಬಿಟ್ಟರೆ ದಿನ ಕಳೆದ ಹಾಗೆ ಸಣ್ಣದಾಗುತ್ತದೆ. ಬಿಎಚ್‌ಸಿಯೂ ಹಾಗೇ, ಅದಕ್ಕಿಂತ ತುಂಬಾ ನಿಧಾನವಾಗಿ. ಬಿಸಿಲು ಏರಿದಷ್ಟೂ ಜಾಸ್ತಿ ಹಾರುತ್ತದೆ. ಏಪ್ರಿಲ್ ತಿಂಗಳಲ್ಲಿ ಹಂಚಿನ ಕೆಳಗಿನ ಅಟ್ಟ ಎಷ್ಟು ಕಾಯುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ.

ತಮಿಳುನಾಡಿನ ವೆಳ್ಳಾರ್ ನದಿಯ ಬಯಲಿನಲ್ಲಿ ಜಪಾನ್ ಮತ್ತು ಭಾರತದ ವಿಜ್ಞಾನಿಗಳು ಬತ್ತದ ಗದ್ದೆಗೆ ಹಾಕಿದ ಎಚ್‌ಸಿಎಚ್ ಎಲ್ಲಿ ಹೋಗುತ್ತದೆ ಅಂತ ಬೆನ್ನು ಹತ್ತಿ ನೋಡಿದರು. 1991ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ, ಹಾಕಿದ್ದರಲ್ಲಿ ಶೇ 99ಕ್ಕೂ ಜಾಸ್ತಿ ಗಾಳಿಗೆ ಹೋಗಿತ್ತು. ನದಿ ಹಿಡಿದು ಸಮುದ್ರ ಸೇರಿದ್ದು ತೀರಾ ಕಡಿಮೆ. ನಾನು ಇದನ್ನು ಮೊದಲು ಓದಿದಾಗ ಮತ್ತೆ ಮತ್ತೆ ತಿರುಗಿಸಿ ಓದಿದ್ದೆ. ವಿಷ ಹಾಕಿದ ಗದ್ದೆಯಲ್ಲಿ ವಿಷ ಉಳಿಯುವುದೇ ಇಲ್ಲ ಅಂದರೆ ಒಂದು ಕ್ಷಣ ಸಮಾಧಾನ ಆಗುತ್ತದೆ. ಆಮೇಲೆ ಅದು ಹೋದ ದಾರಿ ನೋಡಿದರೆ ಆ ಸಮಾಧಾನ ಉಳಿಯುವುದಿಲ್ಲ.

ಬಿಸಿ ನಾಡಿನಲ್ಲಿ ಎದ್ದ ಆವಿ ಗಾಳಿಯ ಜೊತೆ ಸಾಗುತ್ತದೆ. ತಂಪು ಸಿಕ್ಕಲ್ಲಿ ಮಣ್ಣಿಗೋ ನೀರಿಗೋ ಇಳಿಯುತ್ತದೆ. ಮತ್ತೆ ಬೇಸಿಗೆ ಬಂದಾಗ ಏಳುತ್ತದೆ, ಇನ್ನಷ್ಟು ದೂರ ಹೋಗಿ ಕೂರುತ್ತದೆ. ಹೀಗೆ ಎದ್ದು ಕೂತು ಎದ್ದು ಕೂತು ಹೋಗುವುದಕ್ಕೆ ಮಿಡತೆ ಪರಿಣಾಮ ಅನ್ನುತ್ತಾರೆ. ಕೆನಡಾದ ಫ್ರಾಂಕ್ ವಾನಿಯಾ ಮತ್ತು ಡೊನಾಲ್ಡ್ ಮೆಕೇ 1990ರ ದಶಕದಲ್ಲಿ ಇದನ್ನು ಬಿಡಿಸಿ ವಿವರಿಸಿದರು. ಕೊನೆಗೆ ಏಳಲಾಗದಷ್ಟು ಚಳಿಯಿರುವ ಜಾಗ ಬರುತ್ತದೆ. ಅದು ಧ್ರುವ ಪ್ರದೇಶ. ಅಲ್ಲಿ ಬಿಸಿಲು ಕಡಿಮೆ, ಕೊಳೆಸುವ ಸೂಕ್ಷ್ಮಜೀವಿಗಳ ಕೆಲಸ ನಿಧಾನ. ಇಲ್ಲಿ ಬೇಗ ಮುರಿಯುವ ವಿಷ ಅಲ್ಲಿ ದೀರ್ಘಕಾಲ ಬಾಳುತ್ತದೆ.

ನಮ್ಮ ಅತ್ತಿಗೆಗೆ ನಂಬಿಕೆ ಬರಲಿಲ್ಲ. "ನಮ್ಮ ಅಟ್ಟಕ್ಕೂ ಉತ್ತರ ಧ್ರುವಕ್ಕೂ ಏನು ಸಂಬಂಧನೋ? ಸುಮ್ನೆ ಹೆದರಿಸ್ಬೇಡ" ಅಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಉತ್ತರ ಧ್ರುವದ ಕಡೆ ಬತ್ತದ ಗದ್ದೆ ಇಲ್ಲ, ಅಡಿಕೆ ತೋಟ ಇಲ್ಲ, ಬೇರುಹುಳ ಇಲ್ಲ. ಆದರೂ ಒಂದು ಕಾಲದಲ್ಲಿ ಅಲ್ಲಿನ ಗಾಳಿಯಲ್ಲಿ, ಸಮುದ್ರದ ನೀರಿನಲ್ಲಿ ಸಿಕ್ಕ ಇಂಥ ಕ್ಲೋರಿನ್ ವಿಷಗಳಲ್ಲೆಲ್ಲ ಜಾಸ್ತಿ ಇದ್ದದ್ದು ಆಲ್ಫಾ ಎಚ್‌ಸಿಎಚ್. ಹುಳು ಕೊಲ್ಲದ, ಸುಮ್ಮನೆ ಚೀಲ ತುಂಬಿದ ಅದೇ ಆಲ್ಫಾ. ತಣ್ಣಗಿನ ನೀರು ಅದನ್ನು ಗಾಳಿಯಿಂದ ಚೆನ್ನಾಗಿ ಹೀರಿಕೊಳ್ಳುತ್ತದೆ. ಹಾಗಾಗಿ ವಿಷ ಉದುರಿಸಿದ ನಾಡುಗಳ ಕರಾವಳಿಗಿಂತ ಅಲಾಸ್ಕದ ಉತ್ತರದ ಬ್ಯೂಫೋರ್ಟ್ ಸಮುದ್ರದ ನೀರಿನಲ್ಲಿ ಅದು ಜಾಸ್ತಿ ಕೂಡಿತು. ಬೀಟಾ ಬೇರೆ ದಾರಿ ಹಿಡಿಯಿತು. ಅದು ಮಳೆಯ ಜೊತೆ ಪೆಸಿಫಿಕ್ ಸಮುದ್ರಕ್ಕೆ ಇಳಿದು, ನೀರಿನ ಹರಿವಿನಲ್ಲಿ ಬೇರಿಂಗ್ ಜಲಸಂಧಿ ದಾಟಿ ನಿಧಾನವಾಗಿ ಒಳಗೆ ಬಂತು.

ಜಗತ್ತು ಒಟ್ಟು ಬಳಸಿದ ಬಿಎಚ್‌ಸಿ ಸುಮಾರು 1 ಕೋಟಿ ಟನ್ ಅಂತ ಅಂದಾಜು. ಅದರಲ್ಲಿ ಚೀನಾದ ಪಾಲು ಎಲ್ಲಕ್ಕಿಂತ ದೊಡ್ಡದು. ಭಾರತದ್ದು ಸುಮಾರು 10 ಲಕ್ಷ ಟನ್. ಈ 10 ಲಕ್ಷ ಟನ್ ಯಾವುದೋ ಒಂದು ಕಡೆಯಿಂದ ಹೋದದ್ದಲ್ಲ. 25 ಕಿಲೋ, 25 ಕಿಲೋ ಅಂತ ಒಂದೊಂದೇ ಚೀಲ, ಒಂದೊಂದೇ ಗದ್ದೆಯಿಂದ ಹೋದದ್ದು.

ಧ್ರುವದಲ್ಲಿ ನೀರಿನಲ್ಲಿರುವುದು ಅತಿ ಸಣ್ಣ ಪ್ರಮಾಣ. ತೊಂದರೆ ಆಗುವುದು ಊಟದ ಸರಪಳಿಯಲ್ಲಿ. ಪಾಚಿಯನ್ನು ಸಣ್ಣ ಜೀವಿ ತಿನ್ನುತ್ತದೆ, ಅದನ್ನು ಕಾಡ್ ಮೀನು, ಮೀನನ್ನು ಸೀಲ್, ಸೀಲನ್ನು ಹಿಮಕರಡಿ. ಚಳಿ ತಡೆಯಲು ಎಲ್ಲಕ್ಕೂ ದಪ್ಪ ಕೊಬ್ಬು ಬೇಕು. ಈ ವಿಷಗಳು ಕರಗುವುದೂ ಕೊಬ್ಬಿನಲ್ಲೇ. ಮೆಟ್ಟಿಲು ಏರಿದ ಹಾಗೆ ವಿಷವೂ ಏರುತ್ತದೆ. ಆ ಸರಪಳಿಯ ತುದಿಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನ ಇದ್ದಾರೆ. ಸೀಲ್, ತಿಮಿಂಗಿಲ ಅವರಿಗೆ ನಮ್ಮ ಅನ್ನ, ತುಪ್ಪ ಇದ್ದ ಹಾಗೆ ದಿನದ ಊಟ. ಅಲ್ಲಿ ತರಕಾರಿ ಬೆಳೆಯುವುದಿಲ್ಲ.

1980ರ ದಶಕದ ಕೊನೆಯಲ್ಲಿ ಕೆನಡಾದ ಕ್ವಿಬೆಕ್‌ನ ವೈದ್ಯ ಎರಿಕ್ ಡೆವೈಲಿ ತಾಯಂದಿರ ಎದೆಹಾಲನ್ನು ಪರೀಕ್ಷೆ ಮಾಡುತ್ತಿದ್ದರು. ಕಾರ್ಖಾನೆ ಇರುವ ದಕ್ಷಿಣದ ಊರುಗಳ ಹಾಲಿಗೆ ಹೋಲಿಸಲು ಅವರಿಗೆ ಏನೂ ಮಾಲಿನ್ಯವಿಲ್ಲದ ಜಾಗದ ಹಾಲು ಬೇಕಿತ್ತು. ಧ್ರುವದ ಹತ್ತಿರದ ನುನಾವಿಕ್‌ನ ಇನುಯಿಟ್ ತಾಯಂದಿರ ಹಾಲು ತರಿಸಿದರು. ಅದರಲ್ಲಿ ಪಿಸಿಬಿ ಎಂಬ ವಿಷ, ದಕ್ಷಿಣದ ತಾಯಂದಿರ ಹಾಲಿಗಿಂತ ಸುಮಾರು ಐದು ಪಟ್ಟು ಇತ್ತು. ಪಿಸಿಬಿ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಬಳಸುತ್ತಿದ್ದ ವಸ್ತು. ಆ ತಾಯಂದಿರು ಅದನ್ನು ಕಣ್ಣಿಂದ ಕೂಡ ನೋಡಿರಲಿಲ್ಲ. ಈ ಮಾತಿಗೆ ನಮ್ಮ ಅತ್ತಿಗೆ ಸುಮ್ಮನಾದರು. ಅವರ ಚಿಕ್ಕ ಮಗು ಆಗ ಇನ್ನೂ ಹಾಲು ಕುಡಿಯುತ್ತಿತ್ತು.

ದಕ್ಷಿಣ ಧ್ರುವವೂ ತಪ್ಪಿಸಿಕೊಂಡಿಲ್ಲ. ಅಂಟಾರ್ಕ್ಟಿಕದ ಅಡೀಲಿ ಪೆಂಗ್ವಿನ್‌ಗಳ ಮೈಯಲ್ಲಿ ಡಿಡಿಟಿ ಇದೆ ಅಂತ 1966ರಲ್ಲೇ ವರದಿಯಾಗಿತ್ತು.

ಇಷ್ಟರಲ್ಲಿ ನನಗೆ ಭರವಸೆ ಕೊಡುವ ಸಂಗತಿಯೂ ಒಂದಿದೆ. ಚೀನಾ 1983ರಲ್ಲಿ ಬಿಎಚ್‌ಸಿ ನಿಲ್ಲಿಸಿತು. ಧ್ರುವದ ಗಾಳಿಯಲ್ಲಿ ಆಲ್ಫಾ ತಟ್ಟನೆ ಇಳಿಯಿತು. 1990ರ ಸುಮಾರಿಗೆ ಸೋವಿಯತ್ ಒಕ್ಕೂಟದಲ್ಲಿ ನಿಂತಿತು, ಭಾರತದ ಗದ್ದೆಗಳಲ್ಲೂ ಬಳಕೆ ಇಳಿಯಿತು. ಧ್ರುವದ ಗಾಳಿಯಲ್ಲಿ ಮತ್ತೊಮ್ಮೆ ಇಳಿಯಿತು. ಇಲ್ಲಿ ಚೀಲದ ಬಾಯಿ ಕಟ್ಟಿದ್ದು ಅಲ್ಲಿನ ಗಾಳಿಗೆ ಗೊತ್ತಾಗಿತ್ತು. ಆದರೆ ಅಷ್ಟು ಹೊತ್ತಿಗೆ ಸಮುದ್ರ ತುಂಬಿತ್ತು. ಗಾಳಿ ಚೊಕ್ಕವಾದ ಮೇಲೆ, 1990ರ ದಶಕದ ಮೊದಲ ವರ್ಷಗಳಿಂದ ಸಮುದ್ರವೇ ಹೀರಿಕೊಂಡಿದ್ದನ್ನು ಗಾಳಿಗೆ ವಾಪಸ್ ಬಿಡಲು ಶುರು ಮಾಡಿತು. ಈಗ ಹಿಮ ಕರಗಿ ನೀರು ಬಯಲಾದಷ್ಟೂ ಅದು ಸುಲಭ. ಬೇಗ ಅಳಿಯದ ಇಂಥ ವಿಷಗಳನ್ನು ತಡೆಯಲು ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಆಲ್ಫಾ, ಬೀಟಾ, ಲಿಂಡೇನ್ ಮೂರನ್ನೂ 2009ರಲ್ಲಿ ಸೇರಿಸಿದರು. ಭಾರತ 2006ರಿಂದ ಆ ಒಪ್ಪಂದದಲ್ಲಿದೆ.

ಎಲ್ಲರೂ ಹೇಳಿದ ಉಪಾಯಗಳು

ಮನೆಗೆ ವಾಪಸ್ ಬರೋಣ. ಚೀಲ ಸಿಕ್ಕ ಸುದ್ದಿ ಹಬ್ಬಿ ಅಕ್ಕಪಕ್ಕದವರು ಬಂದಿದ್ದರು. ಎಲ್ಲರಿಗೂ ಒಳ್ಳೆಯ ಮನಸ್ಸೇ, ಸಹಾಯ ಮಾಡಬೇಕು ಅಂತಲೇ. ಆದರೆ ಬಂದ ಒಂದೊಂದು ಸಲಹೆಯೂ ವಿಷವನ್ನು ಮನೆಯಿಂದ ಆಚೆ ಕಳಿಸುವುದೇ ಆಗಿತ್ತು.

ಹಳ್ಳಕ್ಕೆ ಹಾಕುವುದು ಮೊದಲನೆಯದು. ಒಂದು ಕಚೇರಿಯಲ್ಲಿ ವಿಚಾರಿಸಿದಾಗಲೂ ಇದೇ ಮಾತು ಬಂತು: "ಎರಡು ಚೀಲ ತಾನೆ, ಹೊಳೆಗೆ ಬಿಟ್ಟುಬಿಡಿ, ದೊಡ್ಡ ಮಳೆ ಬಂದ್ರೆ ಹೋಗುತ್ತೆ." ಆ ಹಳ್ಳ ತುಂಗೆಗೆ ಸೇರುತ್ತದೆ. ಶಿವಮೊಗ್ಗ ನಗರ ಕುಡಿಯುವುದು ತುಂಗೆಯ ನೀರು. ಬಿಎಚ್‌ಸಿ ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಹಳ್ಳದ ಕೆಸರಿಗೆ ಹತ್ತಿ ಕೂರುತ್ತದೆ. ಏಡಿ, ಮೀನು ಇರುವುದು ಅದೇ ಕೆಸರಿನಲ್ಲಿ. ಮೊದಲ ಮಳೆಗೆ ಹತ್ತುಮೀನು ಹಿಡಿಯುವ ಊರಿನಲ್ಲಿ ಇದನ್ನು ಬಿಡಿಸಿ ಹೇಳುವುದು ಕಷ್ಟವಾಗಲಿಲ್ಲ.

ಎರಡನೆಯದು ಸುಡುವುದು. ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ, ಸೋಗೆ ಎಲ್ಲ ಹಾಕುತ್ತೇವೆ, ಇದನ್ನೂ ಹಾಕೋಣ ಅಂದರು. ಇದು ಎಲ್ಲಕ್ಕಿಂತ ಅಪಾಯದ್ದು. ಕ್ಲೋರಿನ್ ಇರುವ ವಸ್ತು ಕಡಿಮೆ ಬಿಸಿಯಲ್ಲಿ ಅರೆಬರೆ ಸುಟ್ಟರೆ ಡಯಾಕ್ಸಿನ್ ಹುಟ್ಟುತ್ತದೆ. ಅದು ಬಿಎಚ್‌ಸಿಗಿಂತ ಎಷ್ಟೋ ಪಾಲು ಕೆಟ್ಟದ್ದು, ಅದಕ್ಕೂ ಧ್ರುವದ ದಾರಿ ಗೊತ್ತು. ಇಂಥ ವಿಷವನ್ನು ಸುಡಲು 1,100 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ, ಹೊಗೆ ತೊಳೆಯುವ ಏರ್ಪಾಡು ಎರಡೂ ಇರುವ ಕುಲುಮೆ ಬೇಕು. ಬಚ್ಚಲ ಒಲೆಯಲ್ಲಿ ಆಗುವುದು ಒಂದೇ: ಆವಿ ಎದ್ದು ಸ್ನಾನಕ್ಕೆ ಕೂತವರ ಮೂಗಿಗೆ ಹೋಗುತ್ತದೆ.

ಪಕ್ಕದ ಮನೆಯ ಹಿರಿಯರೊಬ್ಬರು ಒಂದು ಜಾಣ ಮಾತು ಹೇಳಿದರು. "ಬೋರ್ಡೋ ಮಾಡೋಕೆ ಸುಣ್ಣ ಇದ್ದೇ ಇರುತ್ತಲ್ಲ. ಸುಣ್ಣ ಹಾಕಿ ಕಲಸಿದ್ರೆ ವಿಷ ಸಾಯಲ್ವಾ?" ಕೊಳೆರೋಗಕ್ಕೆ ಮೈಲುತುತ್ತಕ್ಕೆ ಸುಣ್ಣ ಬೆರೆಸಿ, ಹುಳಿ ಹೋಗಿದೆಯಾ ಅಂತ ನೋಡಿ ಹೊಡೆಯುವವರ ಅನುಭವದ ಮಾತು ಇದು. ರಸಾಯನಶಾಸ್ತ್ರದಲ್ಲೂ ಅರ್ಧ ನಿಜ. ಕ್ಷಾರ ತಾಗಿದರೆ ಆಲ್ಫಾ, ಗಾಮಾ ಒಡೆಯುತ್ತವೆ. ಆದರೆ ಒಡೆದು ಆಗುವುದು ಟ್ರೈಕ್ಲೋರೋಬೆಂಜೀನ್, ಅದೂ ವಿಷವೇ, ಅದೂ ಆವಿಯಾಗುತ್ತದೆ. ಬೀಟಾ ಸುಣ್ಣಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ಡ್ರಮ್ಮಿನಲ್ಲಿ ಕಲಸುವಾಗ ಎದ್ದ ಹುಡಿ ಕಲಸುವವರ ಮೈಗೆ. ಹಾಗಾಗಿ ಅದೂ ಬೇಡ ಅಂದೆ.

ಇನ್ನೊಂದು ಸಲಹೆಯನ್ನು ತಳ್ಳಿಹಾಕುವುದು ನಿಜಕ್ಕೂ ಕಷ್ಟವಾಯಿತು. "ಕಾಡಿಗೆ ಸೊಪ್ಪಿಗೆ ಹೋಗೋ ದಾರಿಯಲ್ಲಿ ಉದುರಿಸೋಣ, ಉಣಗು ಸಾಯ್ತವೆ" ಅಂದವರು ಒಬ್ಬ ಹೆಂಗಸು. ಅವರ ಮನೆಯಲ್ಲಿ, ಉಣಗು ಕಚ್ಚಿ ಹರಡುವ ಮಂಗನ ಕಾಯಿಲೆ ಬಂದು ಹೋಗಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ಆ ಕಾಯಿಲೆ ಇವತ್ತಿಗೂ ಮಲೆನಾಡನ್ನು ಬಿಟ್ಟಿಲ್ಲ. ಮಂಗ ಸತ್ತ ಜಾಗದ ಸುತ್ತ ಆರೋಗ್ಯ ಇಲಾಖೆಯವರು ಪುಡಿ ಹಾಕುವುದನ್ನು ಅವರು ನೋಡಿದ್ದಾರೆ. ಆ ಪುಡಿ ಮ್ಯಾಲಥಿಯಾನ್. ಅದೂ ವಿಷವೇ, ಆದರೆ ಮಣ್ಣಿನಲ್ಲಿ ಬೇಗ ಒಡೆಯುತ್ತದೆ, ಹಾಕುವುದೂ ಮಂಗ ಸತ್ತ ಜಾಗದಿಂದ ಸುಮಾರು 50 ಮೀಟರ್ ದೂರದೊಳಗೆ, ಕಾರಣ ಇದ್ದಾಗ ಮಾತ್ರ. ಅಟ್ಟದ ಪುಡಿಯನ್ನು ಕಾಡಿಗೆ ಹಾಕಿದರೆ ಸೊಪ್ಪಿನ ಜೊತೆ ಕೊಟ್ಟಿಗೆಗೆ, ಹುಲ್ಲಿನ ಜೊತೆ ಹಸುವಿನ ಹೊಟ್ಟೆಗೆ, ಅಲ್ಲಿಂದ ಹಾಲಿನ ಕೆನೆಗೆ. ಬಿಎಚ್‌ಸಿ ಧಾರಾಳವಾಗಿ ಬಳಸುತ್ತಿದ್ದ ಕಾಲದಲ್ಲಿ ಭಾರತದ ಹಾಲು, ಬೆಣ್ಣೆಯಲ್ಲಿ ಎಚ್‌ಸಿಎಚ್ ಮತ್ತೆ ಮತ್ತೆ ಸಿಕ್ಕಿದೆ. ಕಾಡಿಗೆ ಹೋಗುವಾಗ ಮೈಗೆ ಹಚ್ಚುವ ಎಣ್ಣೆಯನ್ನು ಬಿಡದೇ ಹಚ್ಚಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಲಸಿಕೆಯ ವಿಷಯ ಆಸ್ಪತ್ರೆಯಲ್ಲೇ ಕೇಳಿ ಅಂದೆ.

ದೊಡ್ಡಮ್ಮ ಕೇಳಿದ್ದು ಬೇರೆ. ಅವರಿಗೆ ಬಹಳ ವರ್ಷದಿಂದ ಸೊಂಟ, ಮಂಡಿ ನೋವು. "ಇದರಿಂದಲೇ ಇರಬಹುದಾ?" ಅಂದರು. ನಾನು ಅವರಿಗೆ ಹಂದಿಗೋಡಿನ ಕಥೆ ನೆನಪು ಮಾಡಿದೆ. ಸಾಗರದ ಹತ್ತಿರದ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಜನ ಸೊಂಟ ಹಿಡಿದು, ಕೀಲು ಬಾಗಿ ನಡೆಯಲಾಗದೆ ಹೋದರು. ಗದ್ದೆಗೆ ಹೊಡೆದ ವಿಷ ಏಡಿಗೆ ಹೋಗಿ, ಏಡಿ ತಿಂದವರಿಗೆ ಹೀಗಾಯಿತು ಅಂತ ಮೊದಲು ಬಲವಾದ ಅನುಮಾನ ಇತ್ತು. ಆಮೇಲಿನ ಅಧ್ಯಯನಗಳು ಅದು ವಂಶದಲ್ಲಿ ಬರುವ ಮೂಳೆ ರೋಗ ಅಂತ ತೋರಿಸಿದವು. ವಿಷ ಕೆಟ್ಟದ್ದು ಅನ್ನುವುದು ಗೊತ್ತಿದೆ ಅಂತ ಪ್ರತಿ ನೋವನ್ನೂ ಅದರ ತಲೆಗೆ ಕಟ್ಟಿದರೆ ನಿಜವಾದ ಕಾಯಿಲೆಗೆ ಔಷಧಿ ಸಿಗುವುದು ತಡವಾಗುತ್ತದೆ. ದೊಡ್ಡಮ್ಮನನ್ನು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಾರೆ.

ಏನು ಮಾಡಿದೆವು

ಮೊದಲು ಉಗ್ರಾಣ ಖಾಲಿ ಮಾಡಿದೆವು. ಮುಚ್ಚಳ ಗಟ್ಟಿಯಿದ್ದ ಡಬ್ಬಗಳನ್ನು ಹೊರಗೆ ಒರೆಸಿ ಇಟ್ಟೆವು. ಬಾಯಿ ತೆರೆದಿದ್ದ ಬೆಲ್ಲ, ಒಂದು ಮೂಟೆ ಅಕ್ಕಿ ಎರಡನ್ನೂ ಬಳಸಬೇಡಿ ಅಂದೆ. ದೊಡ್ಡಮ್ಮನಿಗೆ ಅಕ್ಕಿ ಬಿಸಾಡಲು ಮನಸ್ಸಾಗಲಿಲ್ಲ, ದನಕ್ಕಾದರೂ ಹಾಕುತ್ತೇನೆ ಅಂದರು. ದನಕ್ಕೆ ಹಾಕಿದರೆ ಹಾಲಿನಲ್ಲಿ ವಾಪಸ್ ಬರುತ್ತದೆ ಅಂತ ಅತ್ತಿಗೆಯೇ ಹೇಳಿದರು.

ಅಟ್ಟದ ಕೆಲಸ ಬೆಳಿಗ್ಗೆ ತಂಪಿನಲ್ಲೇ ಮಾಡಿದ್ದು. ಹಂಚು ಕಾದ ಮೇಲೆ ಹತ್ತಿದರೆ ಆವಿ ಜಾಸ್ತಿ. ರಬ್ಬರ್ ಕೈಗವಸು, ಎನ್95 ಮಾಸ್ಕ್, ಉದ್ದ ತೋಳಿನ ಹಳೆ ಅಂಗಿ. ಆ ಮಾಸ್ಕ್ ಹುಡಿಯನ್ನು ತಡೆಯುತ್ತದೆ, ಆವಿಯನ್ನಲ್ಲ; ಹಾಗಾಗಿ ಎರಡು ಹಂಚು ತೆಗೆದು ಗಾಳಿ ಆಡುವಂತೆ ಮಾಡಿ, ಒಬ್ಬರೇ ಜಾಸ್ತಿ ಹೊತ್ತು ಇರದ ಹಾಗೆ ನೋಡಿಕೊಂಡೆವು. ಪೊರಕೆ ಮುಟ್ಟಲಿಲ್ಲ. ಒಣ ಪೊರಕೆ ಆಡಿಸಿದರೆ ಮನೆಯೆಲ್ಲ ಹುಡಿ. ಸಾಮಿಲ್ಲಿನಿಂದ ತಂದ ಗರಗಸದ ಹುಡಿಯನ್ನು ನೀರಿನಲ್ಲಿ ಒದ್ದೆ ಮಾಡಿ, ಚೆಲ್ಲಿದ ಪುಡಿಯ ಮೇಲೆ ಹರಡಿ, ತಗಡಿನಿಂದ ನಿಧಾನವಾಗಿ ಕೆರೆದು ತೆಗೆದೆವು. ಹಲಗೆಯ ಸಂದಿಯದನ್ನು ಒದ್ದೆ ಬಟ್ಟೆ ಸುತ್ತಿದ ಕಡ್ಡಿಯಿಂದ ಎಳೆದೆವು. ಇದೇ ಎಲ್ಲಕ್ಕಿಂತ ಹೊತ್ತು ಹಿಡಿದ ಕೆಲಸ. ಹಲಸಿನ ಮರದ ಹಳೆ ಹಲಗೆ, ಸಂದಿ ತುಂಬ ಅದೇ ಪುಡಿ, ಜೊತೆಗೆ ಇಲಿ ಹಿಕ್ಕೆ, ಬತ್ತದ ಹೊಟ್ಟು. ಎಲ್ಲವನ್ನೂ ವಿಷ ಅಂತಲೇ ಲೆಕ್ಕ ಹಾಕಿ ತುಂಬಿದೆವು.

ಚೀಲಗಳನ್ನು ಬಿಚ್ಚಲಿಲ್ಲ, ಸುರಿಯಲಿಲ್ಲ. ಚೀಲದ ಸಮೇತ ದಪ್ಪ ಪ್ಲಾಸ್ಟಿಕ್ಕಿಗೆ ಹಾಕಿ ಬಾಯಿ ಕಟ್ಟಿ, ಅದನ್ನು ಮತ್ತೊಂದಕ್ಕೆ ಹಾಕಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿಗೆ ಇಳಿಸಿದೆವು. ಒರೆಸಿದ ಬಟ್ಟೆ, ಗರಗಸದ ಹುಡಿ, ಕೈಗವಸು, ಆ ಅಕ್ಕಿ, ಬೆಲ್ಲ ಎಲ್ಲ ಇನ್ನೊಂದು ಡ್ರಮ್ಮಿಗೆ. ಹೊರಗೆ ದಪ್ಪ ಅಕ್ಷರದಲ್ಲಿ ಏನಿದೆ, ಯಾವಾಗ ತುಂಬಿದ್ದು ಅಂತ ಬರೆದೆವು. ಡ್ರಮ್ ಇರುವುದು ಬಾವಿಯಿಂದ, ಕೊಟ್ಟಿಗೆಯಿಂದ, ಅಡುಗೆ ಮನೆಯಿಂದ ದೂರದ ಸಿಮೆಂಟು ನೆಲದ ಶೆಡ್ಡಿನಲ್ಲಿ, ಬಿಸಿಲು ಬೀಳದ ಕಡೆ, ಬೀಗ ಹಾಕಿ. ಕೆಲಸ ಮಾಡಿದವರೆಲ್ಲ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನು ಬೇರೆಯಾಗಿ ಒಗೆದರು.

ಆಮೇಲೆ ಪತ್ರ. ರೈತ ಸಂಪರ್ಕ ಕೇಂದ್ರಕ್ಕೆ ಒಂದು, ಮಾಲಿನ್ಯ ನಿಯಂತ್ರಣ ಮಂಡಳಿಯ ಶಿವಮೊಗ್ಗ ಕಚೇರಿಗೆ ಒಂದು. ಏನು ಸಿಕ್ಕಿದೆ, ತೂಕ ಎಷ್ಟು, ಎಲ್ಲಿಟ್ಟಿದ್ದೇವೆ, ಚೀಲದ ಫೋಟೋ. ಅಪಾಯಕಾರಿ ತ್ಯಾಜ್ಯಕ್ಕೆ 2016ರ ನಿಯಮಗಳಿವೆ. ಕಾರ್ಖಾನೆಗಳಿಗೆ ಅದರ ದಾರಿ ಗೊತ್ತು. ಎರಡು ಚೀಲ ಇಟ್ಟುಕೊಂಡ ಒಬ್ಬ ರೈತ ಅದನ್ನು ತನ್ನ ಖರ್ಚಿನಲ್ಲಿ ಲಾರಿ ಮಾಡಿ ಕಳಿಸಲು ಆಗುವುದಿಲ್ಲ. ಪರವಾನಗಿ ಇಲ್ಲದೆ ಸಾಗಿಸಲೂ ಬಾರದು. ಹೀಗಾಗಿಯೇ ಜನ ಹಳ್ಳದ ಕಡೆ ನೋಡುತ್ತಾರೆ, ಅವರನ್ನು ಬೈದು ಪ್ರಯೋಜನ ಇಲ್ಲ. ತಾಲ್ಲೂಕಿಗೆ ಒಂದು ಕಡೆ, ವರ್ಷಕ್ಕೆ ಒಂದು ದಿನ, ಮಳೆಗಾಲಕ್ಕೆ ಮುಂಚೆ, ಹಳೆಯ ಕೀಟನಾಶಕವನ್ನು ಏನೂ ಕೇಳದೆ, ದಂಡ ಹಾಕದೆ ತೆಗೆದುಕೊಳ್ಳುವ ಏರ್ಪಾಡು ಬೇಕು. ನನ್ನ ಇಡೀ ಒತ್ತಾಯ ಇದೇ. ಗಾಳಿಗೆ ಹೋದ ಬಿಎಚ್‌ಸಿಯನ್ನು ಜಗತ್ತಿನ ಯಾವ ವಿಜ್ಞಾನಿಯೂ ಹಿಡಿದು ತರಲಾರ. ಚೀಲದಲ್ಲಿ ಇರುವಾಗ ಮಾತ್ರ ಅದು ನಮ್ಮ ಕೈಯಲ್ಲಿರುತ್ತದೆ.

ಉಳಿದಿರುವುದು

ಅಟ್ಟದ ಹಲಗೆಗೆ ಇನ್ನೂ ವಾಸನೆ ಇದೆ. ಆ ಭಾಗದ ನಾಲ್ಕು ಹಲಗೆ ಬದಲಿಸಬೇಕು. ತೆಗೆದ ಹಲಗೆಯನ್ನು ಸೌದೆ ಮಾಡದ ಹಾಗೆ ಬೇರೆ ಇಟ್ಟಿದ್ದಾರೆ. ಉಗ್ರಾಣವನ್ನು ಮನೆಯ ಇನ್ನೊಂದು ಬದಿಗೆ ಸಾಗಿಸಿದ್ದಾರೆ.

ದೊಡ್ಡಪ್ಪ ನೆನಪು ಮಾಡಿಕೊಂಡ ಇನ್ನೊಂದು ಜಾಗ ಇದೆ. ಕೊಟ್ಟಿಗೆಯ ಹಿಂದೆ ಒಂದು ತುಂಡು ನೆಲ, ಹಿಂದೆ ಅಲ್ಲೇ ಚೀಲ ಬಿಚ್ಚಿ ಅಳೆದು ಕೊಡುತ್ತಿದ್ದರಂತೆ. ಈಗ ಅದೇ ನೆಲದಲ್ಲಿ ಅತ್ತಿಗೆ ಮಳೆಗಾಲದ ಸೌತೆ, ಕುಂಬಳ ಹಾಕುತ್ತಾರೆ. ಕುಂಬಳ, ಸೌತೆ ಜಾತಿಯ ಬಳ್ಳಿಗಳು ಇಂಥ ಹಳೆ ಕ್ಲೋರಿನ್ ವಿಷಗಳನ್ನು ಬೇರೆ ತರಕಾರಿಗಿಂತ ಜಾಸ್ತಿ ಬೇರಿನಿಂದ ಎಳೆದುಕೊಳ್ಳುತ್ತವೆ. ಈ ವರ್ಷದಿಂದ ಬಳ್ಳಿಯನ್ನು ಬಾವಿಯ ಆಚೆ ಹಾಕಿ, ಇಲ್ಲಿ ದಾಸವಾಳ, ಡೇರೆ ಹಾಕುವುದು ಅಂತ ಮಾತಾಗಿದೆ. ಆ ಮಣ್ಣನ್ನು ಪರೀಕ್ಷೆಗೆ ಕೊಡಬೇಕು. ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ, ಇಂಥ ವಿಷಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಫಿ ಇರುವ ಲ್ಯಾಬೇ ಆಗಬೇಕು.

ಆ ವಾರ ಊರಿನ ಇನ್ನೂ ಕೆಲವು ಮನೆಯವರು ತಮ್ಮ ಅಟ್ಟ ನೋಡಿಕೊಂಡರು. ಒಂದು ಮನೆಯಲ್ಲಿ ಅರ್ಧ ಪೊಟ್ಟಣ ಡಿಡಿಟಿ. ಇನ್ನೊಂದರಲ್ಲಿ ತುಕ್ಕು ಹಿಡಿದ ಡಬ್ಬದಲ್ಲಿ ಎಂಡೋಸಲ್ಫಾನ್. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. ಒಂದಕ್ಕೊಂದು ಬೆರೆಸಬೇಡಿ, ಬೇರೆ ಬೇರೆ ಕಟ್ಟಿಡಿ ಅಂತ ಹೇಳಿ ಒಂದು ಪಟ್ಟಿ ಮಾಡಿದ್ದೇವೆ. ಯಾರ ಮನೆ ಅಂತ ಬರೆದಿಲ್ಲ, ಏನು, ಎಷ್ಟು ಅಂತ ಮಾತ್ರ. ಅದನ್ನು ಗ್ರಾಮ ಪಂಚಾಯಿತಿಗೆ ಕೊಟ್ಟು, ಮುಂದಿನ ಗ್ರಾಮಸಭೆಯಲ್ಲಿ ಇಡಿ ಅಂತ ಕೇಳಿದ್ದೇವೆ. ಅತ್ತಿಗೆ ಅಲ್ಲಿ ತಾವೇ ಮಾತಾಡುತ್ತೇನೆ ಅಂದಿದ್ದಾರೆ.